ಅಂಕೋಲೆಯಿಂದ ಇಳಕಲ್ಲಿಗೆ ಹನ್ನೆರಡು ಹಣ್ಣು

ನಾನು ಬೈಕಿನ ಮೇಲೆ ಊರಿಗೆ ಹೊರಟರೆ ಬೈಕು ಎರಡು ಸಲ ಪೆಟ್ರೋಲು ಕುಡಿಯುತ್ತದೆ, ನಾನು ಎಂಟು ಸಲ ತಿನ್ನುತ್ತೇನೆ. ಕುಂದಾಪುರದಿಂದ ಹುನಗುಂದ ಎಷ್ಟು ದೂರ ಎಂದು ಕೇಳಿದರೆ ನನ್ನ ಬಾಯಿಗೆ ಕಿಲೋಮೀಟರು ಬರುವುದಿಲ್ಲ. ಹೊನ್ನಾವರದ ಸೇತುವೆ ದಾಟಿದ ಮೇಲೊಂದು ಚಹಾ, ಕುಮಟೆಯಲ್ಲಿ ಬನ್ಸು, ಅಂಕೋಲೆಯಲ್ಲಿ ಇನ್ನೊಂದು ಚಹಾ, ಘಟ್ಟ ಹತ್ತಿದ ಮೇಲೆ ಯಲ್ಲಾಪುರದಲ್ಲಿ ಅವಲಕ್ಕಿ, ಕಲಘಟಗಿಯಲ್ಲಿ ಮಿರ್ಚಿ, ಹುಬ್ಬಳ್ಳಿಯಲ್ಲಿ ಗಿರಮಿಟ್, ಬನಶಂಕರಿಯಲ್ಲಿ ರೊಟ್ಟಿ ಮೊಸರು, ಅಮೀನಗಡದಲ್ಲಿ ಕರದಂಟು, ಆಮೇಲೆ ಮನೆ. ಒಬ್ಬನೇ ಹೋಗುತ್ತೇನೆ. ಒಮ್ಮೆ ನಮ್ಮ ಕೆಲಸದವನೊಬ್ಬ ಹಿಂದೆ ಕೂತು ಬಂದಿದ್ದ. ಯಲ್ಲಾಪುರದಲ್ಲಿ ಇಳಿದು, "ನೀ ತಿನಕೋಂತ ಬಾರಪಾ, ನಾ ಬಸ್ಸಿಗೆ ಹೋಗ್ತೇನಿ" ಎಂದು ಹೋದ. ಅವನು ಮನೆ ಮುಟ್ಟಿ, ಜಳಕ ಮಾಡಿ, ಒಂದು ನಿದ್ದೆ ತೆಗೆದು ಎದ್ದ ಮೇಲೆ ನಾನು ಊರು ಹೊಕ್ಕೆನಂತೆ.

ಈ ದಾರಿಯಲ್ಲಿ ನಾನೊಂದು ಹಲ್ಕಾ ಕೆಲಸ ಮಾಡಿದ್ದೇನೆ. ಅದನ್ನು ಬರೆದುಬಿಡಬೇಕೆಂದು ಕೂತಿದ್ದೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಬರೆಯುವುದಕ್ಕಿಂತ ಕಲ್ಲು ಹಾಸುವುದು ನನಗೆ ಸಲೀಸು. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟನ್ನು ಕರಾವಳಿಯವರ ಮನೆಯ ನೆಲಕ್ಕೆ ಹಾಸುವುದೇ ನನ್ನ ಕಸುಬು. ಕಲ್ಲು ಕೂದಲೆಳೆಯಷ್ಟು ಮೇಲೆ ಕೆಳಗಾದರೆ ಎಬ್ಬಿಸಿ ಮತ್ತೆ ಕೂಡಿಸಬಹುದು. ಬಾಯಿಂದ ಹೊಟ್ಟೆಗೆ ಹೋದದ್ದನ್ನು ಎಬ್ಬಿಸಲು ಬರುವುದಿಲ್ಲ. ನನ್ನ ಕಥೆಯ ಸಾರ ಇಷ್ಟೇ. ಆದರೂ ಪೂರ್ತಿ ಕೇಳಿ.

ದಾರಿಯಲ್ಲಿ ತಿನ್ನುವ ಗುಣ ನನಗೆ ಕರಾವಳಿ ಕಲಿಸಿದ್ದಲ್ಲ. ಚಿಕ್ಕವನಿದ್ದಾಗ ಅವ್ವ ಬೆಲ್ಲ ತರಲು ಅಂಗಡಿಗೆ ಕಳಿಸುತ್ತಿದ್ದಳು. ಅಂಗಡಿ ನಮ್ಮ ಓಣಿಯ ತುದಿಗೇ ಇತ್ತು. ಅಷ್ಟು ದೂರದಲ್ಲಿ ಬೆಲ್ಲದ ಹೆಂಟೆಯ ನಾಲ್ಕೂ ಮೂಲೆ ಸವೆದು ಅದು ಗುಂಡಗಾಗುತ್ತಿತ್ತು. ಅವ್ವ ಅದನ್ನು ಕೈಯಲ್ಲಿ ಹಿಡಿದು, "ಏನೋ ಸಂಗ್ಯಾ, ಅಂಗಡ್ಯಾಗ ಇಲಿ ಭಾಳ ಆಗ್ಯಾವೇನು?" ಎನ್ನುತ್ತಿದ್ದಳು. ನಾನು ಹೌದೆನ್ನುತ್ತಿದ್ದೆ. ನನ್ನ ತಂಗಿ ನೀಲಾ ನನ್ನ ಅಂಗಿಯ ಮೇಲಿನ ಬೆಲ್ಲದ ಪುಡಿಯನ್ನು ಬೆರಳಲ್ಲಿ ಒತ್ತಿ ತೆಗೆದು ನೆಕ್ಕುತ್ತ ಸುಮ್ಮನೆ ನಿಂತಿರುತ್ತಿದ್ದಳು. ಅವಳು ಎಂದೂ ಚಾಡಿ ಹೇಳಲಿಲ್ಲ. ಮಾವಿನಹಣ್ಣು ಹಂಚುವಾಗಲೂ ಹಾಗೆಯೇ. ಮನೆಗೆ ಒಂದು ಹಣ್ಣು ಬಂದರೆ ಹಂಚುವ ಅಧಿಕಾರ ಹಿರಿಯನಾದ ನನ್ನದು. ಎರಡೂ ಕೆನ್ನೆ ನನಗಿಟ್ಟುಕೊಂಡು ಗೊರಟೆಯನ್ನು ಅವಳಿಗೆ ಕೊಟ್ಟು, "ಖರೆ ರುಚಿ ಇರೂದ ಗೊರಟಿಯೊಳಗ, ನೀ ಸಣ್ಣಾಕಿ ಅಂತ ನಿಂಗ ಕೊಟ್ಟೇನಿ" ಎನ್ನುತ್ತಿದ್ದೆ. ಅವಳು ಅದನ್ನು ನಂಬಿ, ಗೊರಟೆ ಬಿಳಿಯ ಗಡ್ಡದ ಮುದುಕನಂತಾಗುವವರೆಗೆ ಚೀಪುತ್ತಿದ್ದಳು. ಹನ್ನೆರಡು ವರ್ಷದವಳಾದ ಮೇಲೆ ನಂಬುವುದನ್ನು ಬಿಟ್ಟಳು. ಗೊರಟೆ ತೆಗೆದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ.

ನೀಲಾಳನ್ನು ಇಳಕಲ್ಲಿಗೆ ಕೊಟ್ಟಿದ್ದೇವೆ, ಹುನಗುಂದದಿಂದ ಕೂಗಳತೆಯ ಊರು. ಗಂಡ ಮಹಾಂತೇಶ ಒಳ್ಳೆಯವನು, ಮಾತು ಕಡಿಮೆ. ಅತ್ತೆ ಶಾಂತವ್ವ ಮಗ್ಗದಾಕೆ. ಆಕೆಯನ್ನು ನಾನೂ ಅತ್ತಿ ಎಂದೇ ಕರೆಯುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ನೀಲಾ ಆರು ತಿಂಗಳ ಬಸುರಿ, ಅದೂ ಚೊಚ್ಚಲು. ನಾನು ಕುಂದಾಪುರದಲ್ಲಿ ಕೂತು ಫೋನಿನಲ್ಲಿ ದೊಡ್ಡಸ್ತಿಕೆ ಹೇಳುತ್ತಿದ್ದೆ. ಅಂಕೋಲೆಯಲ್ಲಿ ಕರಿ ಇಶಾಡ ಎಂಬ ಹಣ್ಣು ಸಿಗುತ್ತದೆ, ಸಿಪ್ಪೆ ಹಾಳೆಯಷ್ಟು ತೆಳುವು, ಒಂದು ತಿಂದರೆ ಉಳಿದ ಮಾವಿನಹಣ್ಣೆಲ್ಲ ಗಜ್ಜರಿ ತಿಂದಂತೆ, ಹೀಗೆ.

ಆಮೇಲೆ ಅವಳು, "ಅಣ್ಣಾ, ನಂಗ ಆ ಹಣ್ಣು ಬೇಕು" ಎಂದಳು.

"ತರ್ತೇನಿ ತಗೋ. ಮುಂದಿನ ವಾರ ಬರಾವ ಅದೇನಿ."

"ಹಂಗಲ್ಲ. ನಂಗ ಬಯಕಿ ಆಗೇತಿ. ಇಲ್ಲಿ ಅತ್ತಿ ದಿನಾ ಏನ್ ಬೇಕು ಏನ್ ಬೇಕು ಅಂತ ಕೇಳ್ತಾರ. ನಾ ಇನ್ನೇನೂ ಬ್ಯಾಡ, ನಮ್ಮಣ್ಣ ಹಣ್ಣು ತರ್ತಾನ ಅಂತ ಹೇಳೇನಿ."

ನಮ್ಮ ಕಡೆ ಬಸುರಿಯ ಬಯಕೆ ಎಂದರೆ ಆಟದ ಮಾತಲ್ಲ. ಕೇಳಿದ್ದನ್ನು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಓಣಿಯಲ್ಲಿ ಯಾವುದಾದರೂ ಕೂಸಿನ ಕಿವಿಯಲ್ಲಿ ಹತ್ತಿ ಕಂಡರೆ ಹೆಂಗಸರು ಔಷಧದ ಹೆಸರು ಕೇಳುವುದಿಲ್ಲ, "ಪಾಪ, ತಾಯಿಗೆ ಏನು ತಿನ್ನೂ ಮನಸಾಗಿತ್ತೋ" ಎನ್ನುತ್ತಾರೆ. ನಾನು ಇದನ್ನು ನಂಬುವವನಲ್ಲ. ನಂಬದೆಯೂ ಹೆದರುವ ಜಾತಿಯವನು.

ಹೀಗೆ ಆ ದಿನ ನಸುಕಿನಲ್ಲಿ ಕುಂದಾಪುರ ಬಿಟ್ಟೆ. ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ, ನಡುವೆ ನಾನು ಮತ್ತು ನನ್ನ ಹಸಿವು. ಚಹಾ ಆಯಿತು, ಬನ್ಸು ಆಯಿತು. ಅಂಕೋಲೆಯ ಪೇಟೆಯಲ್ಲಿ ಕೊರಳ ತುಂಬ ಮಣಿಸರ ಹಾಕಿದ ಹೆಂಗಸೊಬ್ಬಳ ಮುಂದೆ ಕೂತು ಹನ್ನೆರಡು ಹಣ್ಣು ಆರಿಸಿದೆ. ತೊಟ್ಟಿನ ಹತ್ತಿರ ಕಪ್ಪಗೆ, ಕೆಳಗೆ ಹಸಿರು ಹಳದಿ. ಆಕೆ ಬುಟ್ಟಿಯಲ್ಲಿ ಒಣಹುಲ್ಲು ಹಾಸಿ, ಹಣ್ಣಿಟ್ಟು, ಮೇಲೆ ಬಾಳೆಯೆಲೆ ಮುಚ್ಚಿ, "ತಮ್ಮಾ, ಈ ಹಣ್ಣು ತಡಿಯೂದಿಲ್ಲ ಮತ್ತೆ, ನಾಳೆಯೊಳಗೆ ತಿನ್ನಬೇಕು" ಎಂದಳು.

ಆಕೆ ಒಳ್ಳೆಯ ಮಾತನ್ನೇ ಹೇಳಿದಳು. ಕೇಳಿದ ಕಿವಿ ಕೆಟ್ಟದ್ದು.

ಅರಬೈಲು ಘಟ್ಟದ ಅರ್ಧಕ್ಕೆ ಬಂದಾಗ ನನಗೊಂದು ಜವಾಬ್ದಾರಿಯ ವಿಚಾರ ಬಂತು. ಬಸುರಿ ಹೆಂಗಸಿಗೆ ಕೊಡುವ ಹಣ್ಣು, ಒಳಗೆ ಹುಳ ಇದ್ದರೆ? ಒಂದನ್ನಾದರೂ ಪರೀಕ್ಷೆ ಮಾಡುವುದು ಅಣ್ಣನ ಧರ್ಮ. ತಿರುವಿನಲ್ಲಿ ನೀರು ಹರಿಯುವ ಕಡೆ ಬೈಕು ನಿಲ್ಲಿಸಿ ಪರೀಕ್ಷೆ ಮಾಡಿದೆ. ಹುಳ ಇರಲಿಲ್ಲ. ರಸ ಮೊಣಕೈವರೆಗೆ ಇಳಿಯಿತು, ಅದನ್ನೂ ಪರೀಕ್ಷೆ ಮಾಡಿದೆ. ಹನ್ನೊಂದು ಉಳಿದವು.

ಯಲ್ಲಾಪುರದಲ್ಲಿ ಅವಲಕ್ಕಿ ತಿಂದು ಬಂದು ಬುಟ್ಟಿ ಮುಟ್ಟಿ ನೋಡಿದರೆ ಘಟ್ಟದ ಕುಲುಕಾಟಕ್ಕೆ ಎರಡು ಮೆತ್ತಗಾಗಿದ್ದವು. ಮೆತ್ತಗಾದದ್ದು ಉಳಿದವನ್ನೂ ಕೆಡಿಸುತ್ತದೆ. ಒಂಬತ್ತು. ಕಲಘಟಗಿಯಲ್ಲಿ ಬಿಸಿಲು ತಲೆಯ ಮೇಲೆ ಬಂದಿತ್ತು. ಮಿರ್ಚಿಯ ಖಾರ ಇಳಿಸಲು ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಹಣ್ಣು ತಿಂದರೆ ಉಬ್ಬುವುದಿಲ್ಲ. ಏಳು. ನವಲಗುಂದದ ಆಚೆ ಹಿಂದಿನ ಗಾಲಿ ಪಂಕ್ಚರ್ ಆಯಿತು. ಪಂಕ್ಚರ್ ತಿದ್ದುವವನು ಟೈರು ಬಿಚ್ಚುತ್ತ ಬಿಚ್ಚುತ್ತ ಮೂಗು ಎತ್ತಿ, "ಏನ್ರಿ ಅದು, ಬುಟ್ಟಿ ಭಾಳ ಘಮಾ ಅನ್ನಾಕತ್ತೇತಲ್ರಿ" ಎಂದ. ಅವನಿಗೊಂದು ಕೊಟ್ಟೆ. ಒಬ್ಬನೇ ತಿನ್ನಲು ಅವನಿಗೆ ಸಂಕೋಚವಾದೀತೆಂದು ನಾನೂ ಒಂದು ತಿಂದೆ. "ದೇವರಂಥಾ ಮನಶ್ಯಾ ಅದೀರಿ ನೀವು" ಎಂದ ಅವನು. ಇಡೀ ಪ್ರವಾಸದಲ್ಲಿ ನನ್ನ ಬಗ್ಗೆ ಬಂದ ಒಳ್ಳೆಯ ಮಾತು ಅದೊಂದೇ. ಐದು ಉಳಿದವು.

ಐದು ಒಳ್ಳೆಯ ಸಂಖ್ಯೆ. ಉಡಿ ತುಂಬುವಾಗಲೂ ಐದೇ ಹಣ್ಣು ಇಡುತ್ತಾರೆ. ಹನ್ನೆರಡಕ್ಕಿಂತ ಐದೇ ಶಾಸ್ತ್ರಕ್ಕೆ ಸರಿ ಎಂದು ನನಗೆ ನಾನೇ ಹೇಳಿಕೊಂಡು, ಬಾದಾಮಿ ದಾಟಿ ಬನಶಂಕರಿಗೆ ಬಂದೆ. ಅಲ್ಲಿ ಬುಟ್ಟಿ ಹೊತ್ತ ಹೆಂಗಸರು ಕೂಡಿಸಿ ಬಡಿಸುವ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಉಂಡ ಮೇಲೆ ಬಾಯಿ ಏನಾದರೂ ಸಿಹಿ ಕೇಳುತ್ತದೆ. ಇದು ನನ್ನ ತಪ್ಪಲ್ಲ, ಚಟ್ನಿಯದು. ಎರಡು ತಿಂದೆ. ಎದ್ದು ಕೈ ತೊಳೆಯುವಾಗ ಲೆಕ್ಕ ಹಾಕಿದೆ. ಮೂರು ಉಳಿದಿದ್ದವು!

ಮೂರನ್ನು ಯಾರಿಗಾದರೂ ಕೊಡುತ್ತಾರೆಯೇ? ಅದೂ ಬಸುರಿಗೆ? ನಮ್ಮಲ್ಲಿ ಮೂರು ರೊಟ್ಟಿ ಬಡಿಸುವುದಿಲ್ಲ, ಮೂವರು ಶುಭಕಾರ್ಯಕ್ಕೆ ಹೊರಡುವುದಿಲ್ಲ. ಅಪಶಕುನ ತಪ್ಪಿಸಲು ಒಂದು ತಿಂದೆ. ಎರಡು. ಪಟ್ಟದಕಲ್ಲಿನ ಹೊಳೆಯ ದಂಡೆಗೆ ನಿಂತು ವಿಚಾರ ಮಾಡಿದೆ. ಎರಡು ಕೊಟ್ಟರೆ ನೀಲಾ ಒಂದನ್ನು ಅತ್ತೆಗೆ ಕೊಡುತ್ತಾಳೆ, ಗಂಡನಿಗೆ ಇಲ್ಲದಂತಾಗುತ್ತದೆ, ಮನೆಯಲ್ಲಿ ಭೇದ ಹುಟ್ಟುತ್ತದೆ. ಒಂದೇ ಇದ್ದರೆ ಅವಳೊಬ್ಬಳೇ ಗುಟ್ಟಾಗಿ ತಿಂದುಕೊಳ್ಳುತ್ತಾಳೆ. ಹೀಗೆ ಅವಳ ಸಂಸಾರದ ಹಿತಕ್ಕಾಗಿ ಹನ್ನೊಂದನೆಯದೂ ಹೋಯಿತು.

ಅಮೀನಗಡದಲ್ಲಿ ಕರದಂಟು ತಿನ್ನುತ್ತ ಬುಟ್ಟಿ ತೆರೆದು ನೋಡಿದೆ. ಅಷ್ಟು ಹುಲ್ಲಿನ ನಡುವೆ ಒಂದೇ ಒಂದು ಹಣ್ಣು, ಕೋಳಿ ಮರೆತುಹೋದ ತತ್ತಿಯ ಹಾಗೆ. ಸಮುದ್ರದ ದಂಡೆಯಿಂದ ದಿನಪೂರ್ತಿ ಗಾಡಿ ಹೊಡೆದು ಬಂದ ಅಣ್ಣ ತಂಗಿಯ ಕೈಯಲ್ಲಿ ಒಂದು ಹಣ್ಣು ಇಡುವುದೇ? ಶಾಂತವ್ವ ನೋಡಿದರೆ ಏನಂದಾಳು? ನಮ್ಮ ಮನೆತನದ ಮರ್ಯಾದೆ ಏನಾದೀತು? ನಾಚಿಕೆಯಾಯಿತು. ನೀವು ನಂಬಿ, ಕೊನೆಯ ಹಣ್ಣನ್ನು ನಾನು ಆಸೆಗೆ ತಿನ್ನಲಿಲ್ಲ. ನಾಚಿಕೆಗೆ ತಿಂದೆ. ರುಚಿ ಮಾತ್ರ ಹಾಗೆಯೇ ಇತ್ತು.

ಬಾದಾಮಿಯಲ್ಲಿ ಮಂಗಗಳು ಕಸಿದುಕೊಂಡವು ಎಂದು ಹೇಳೋಣವೇ ಎಂದು ನೋಡಿದೆ. ಆದರೆ ಮಂಗ ಕಸಿದರೂ ಒಂದೆರಡು ಕೆಳಗೆ ಬೀಳಿಸುತ್ತದೆ. ಹನ್ನೆರಡಕ್ಕೆ ಹನ್ನೆರಡನ್ನೂ ಮುಗಿಸುವುದು ಮನುಷ್ಯನ ಕೆಲಸವೆಂದು ಯಾರಿಗಾದರೂ ತಿಳಿಯುತ್ತದೆ. ಹುನಗುಂದದಲ್ಲಿ ತಳ್ಳುಗಾಡಿಯವನ ಹತ್ತಿರ ಒಂದು ಡಜನ್ ಮಾವಿನಹಣ್ಣು ಕೊಂಡೆ. ಯಾವ ಜಾತಿಯೋ, ಅವನಿಗೂ ಗೊತ್ತಿರಲಿಲ್ಲ. ಅವನ್ನು ಅಂಕೋಲೆಯ ಹುಲ್ಲಿನಲ್ಲಿ ಮಲಗಿಸಿ, ಅಂಕೋಲೆಯ ಬಾಳೆಯೆಲೆ ಹೊದಿಸಿದೆ. ಎಲೆ ಬಾಡಿತ್ತು. ಅದರಿಂದ ದೂರದ ಊರಿನಿಂದ ಬಂದ ಕಳೆಯೇ ಬಂತು.

ಇಳಕಲ್ಲಿನಲ್ಲಿ ನೀಲಾ ಬಾಗಿಲಲ್ಲೇ ನಿಂತಿದ್ದಳು. ಬುಟ್ಟಿ ಇಳಿಸುವಷ್ಟರಲ್ಲಿ ಒಂದು ಹಣ್ಣನ್ನು ತೆಗೆದು ಮೂಗಿಗೆ ಹಿಡಿದಳು. ಕೂತು, ಕಣ್ಣು ಮುಚ್ಚಿ ತಿಂದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದೆ.

"ಭಾಳ ಚೊಲೋ ಐತಣ್ಣ" ಎಂದಳು.

ಶಾಂತವ್ವ ಮಗ್ಗದಿಂದ ಎದ್ದು ಬಂದು ಒಂದು ಹೋಳು ಬಾಯಿಗೆ ಹಾಕಿಕೊಂಡು, "ನಮ್ಮ ಸಂತ್ಯಾಗ ಸಿಗೂ ಹಣ್ಣಿನಂಗ ಐತೆಲಪಾ?" ಎಂದಳು. ಅದರಲ್ಲಿ ಕೊಂಕಿರಲಿಲ್ಲ, ಬರೀ ಆಶ್ಚರ್ಯವಿತ್ತು.

"ನೋಡಾಕ ಹಂಗ ಕಾಣ್ತದ್ರಿ ಅತ್ತಿ. ರುಚಿ ಬ್ಯಾರೆ ಇರ್ತದ. ಗೊತ್ತಾಗಾಕ ನಾಲಗಿ ಬೇಕು" ಎಂದೆ.

ಆಕೆ ಇನ್ನೊಂದು ಹೋಳು ತಿಂದು, ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು, "ಖರೆ ಇದ್ದೀತು. ವಯಸ್ಸಾತು ನೋಡು, ನನ್ನ ನಾಲಗೀನ ಸತ್ತೈತಿ" ಎಂದು ಮಗ್ಗಕ್ಕೆ ಹೋದಳು. ನನಗೆ ಒಂದು ಕಡೆ ಹಗುರಾಯಿತು. ಇನ್ನೊಂದು ಕಡೆ ಏನಾಯಿತು ಎಂದು ನಾನು ಆಗ ನೋಡಿಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಗೆಳೆಯರ ಮುಂದೆ ಹೇಳಿ ನಗುತ್ತಿದ್ದೆ. ಆಗಸ್ಟಿನಲ್ಲಿ ನಮ್ಮ ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಗಂಗಾ ಎಂದು ಹೆಸರಿಟ್ಟರು. ಐದು ತಿಂಗಳು ತುಂಬಿದ ಮೇಲೆ ತಾಯಿ ಮಗಳನ್ನು ಇಳಕಲ್ಲಿಗೆ ಕಳಿಸಿಕೊಟ್ಟೆವು. ಹೋಗಿ ಹದಿನೈದು ದಿನಕ್ಕೆ ಕೂಸಿನ ಎಡಗಿವಿ ಸೋರತೊಡಗಿತು. ಮೊಮ್ಮಗಳನ್ನು ನೋಡಲೆಂದು ಹೋದ ಅವ್ವ ಕಿವಿಯಲ್ಲಿ ಹತ್ತಿ ಕಂಡು, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳಂತೆ. ಆ ಹೊತ್ತಿಗೆ ನೀಲಾ ನನಗೆ ಫೋನು ಹಚ್ಚಿದ್ದಳು. ನಾನು ಕುಂದಾಪುರದಲ್ಲಿ ಬಾಯಿ ತುಂಬ ಗೋಳಿಬಜೆ ಇಟ್ಟುಕೊಂಡು ಎಲ್ಲವನ್ನೂ ಕೇಳಿದೆ.

"ನಮ್ಮ ಮನ್ಯಾಗ ಐದು ತಿಂಗಳಿತ್ತು ಕೂಸು, ಒಂದು ಸೀನೂ ಸೀನಲಿಲ್ಲ" ಎಂದು ಅವ್ವನ ದನಿ. "ನನ್ನ ಮಗಳು ಬಾಯಿ ಬಿಟ್ಟು ಕೇಳಾಕಿ ಅಲ್ಲ. ಏನೋ ಆಸಿ ಆಗಿರಬೇಕು, ನೀವು ಕೊಟ್ಟಿಲ್ಲ. ಅದಕ್ಕ ಕಿವಿ ಹಿಂಗಾಗೇತಿ."

"ಅನಬ್ಯಾಡ್ರಿ ಬೀಗತಿ ಅಂಥಾ ಮಾತು" ಎಂದು ಶಾಂತವ್ವ. "ಬುತ್ತಿ ಅಂದ್ಲು, ಮಾಡಿದೆ. ಹುಗ್ಗಿ ಅಂದ್ಲು, ಮಾಡಿದೆ. ತೊಯ್ದ ಮಣ್ಣಿನ ವಾಸನಿ ಬೇಕು ಅಂದ್ಲು, ಅದೂ ಬಿರು ಬ್ಯಾಸಿಗ್ಯಾಗ. ದಿನಾ ಹಿತ್ತಲ ಗ್ವಾಡಿಗೆ ನೀರು ಚಿಮುಕಿಸಿ ಆಕಿನ್ನ ಕರದು ಕುಂಡ್ರಿಸೇನಿ. ನಾ ಏನು ಕಡಿಮಿ ಮಾಡೇನಿ?"

"ಗ್ವಾಡಿ ತೋಯಿಸಿದ್ರ ಹೊಟ್ಟಿ ತುಂಬತದೇನ್ರಿ?"

"ಅವ್ವಾ, ಸುಮ್ಮನಿರು!" ಎಂದಳು ನೀಲಾ. ಆಮೇಲೆ ಒಂದು ಬಾಗಿಲು ಹಾಕಿದ ಸದ್ದು. ಅವ್ವ ನೀರು ಸಹ ಕುಡಿಯದೆ ಬಸ್ಸು ಹತ್ತಿದಳಂತೆ. ಶಾಂತವ್ವ ಎರಡು ದಿನ ಮಗ್ಗಕ್ಕೆ ಕೂಡಲಿಲ್ಲವಂತೆ.

ನಾನು ಗೋಳಿಬಜೆ ನುಂಗಿ, "ಹಲೋ, ಕೇಳಸ್ತಾ ಇಲ್ಲ" ಎಂದು ಫೋನು ಇಟ್ಟೆ.

ಬಾಗಲಕೋಟೆಯ ಡಾಕ್ಟರಮ್ಮ ಕೂಸಿನ ಕಿವಿ ನೋಡಿ ಎರಡೇ ಮಾತು ಹೇಳಿದರಂತೆ. ನೆಗಡಿ ಕಿವಿಗಿಳಿದಿದೆ, ಪೂರ್ತಿ ಮಲಗಿಸಿ ಹಾಲು ಕುಡಿಸಬೇಡಿ, ತಲೆ ಎತ್ತರದಲ್ಲಿರಲಿ. ಔಷಧಕ್ಕೆ ಹದಿನೈದು ದಿನದಲ್ಲಿ ಕಿವಿ ಒಣಗಿತು. ನೀಲಾ ಇದನ್ನು ಹೇಳಿದಾಗ ನನಗೆ ಬೈಕಿನ ಬ್ರೇಕು ಸಿಕ್ಕಷ್ಟು ಸಮಾಧಾನವಾಯಿತು. ತಪ್ಪು ನೆಗಡಿಯದು, ನನ್ನದಲ್ಲ. ಆದರೆ ಆ ಡಾಕ್ಟರಮ್ಮನಿಗೆ ಅಂಕೋಲೆಯ ಬುಟ್ಟಿಯ ವಿಷಯ ಯಾರೂ ಹೇಳಿರಲಿಲ್ಲವಲ್ಲ ಎಂದು ಮರುದಿನವೇ ಅನುಮಾನ ಬಂತು.

ಕೂಸಿನ ಕಿವಿ ಒಣಗಿತು, ಹಿರಿಯರ ಮನಸ್ಸು ಒಣಗಲಿಲ್ಲ. ಅವ್ವ ಔಷಧವನ್ನು ನಂಬಲಿಲ್ಲ. ತಾನು ಕೂಡಲಸಂಗಮಕ್ಕೆ ಹೋಗಿ ಬೇಡಿಕೊಂಡದ್ದರಿಂದ ಗುಣವಾಯಿತೆಂದಳು, ತಪ್ಪು ಮಾತ್ರ ಬೀಗತಿಯದೇ ಎಂದಳು. ನಾಲ್ಕು ತಿಂಗಳು ಎರಡು ಮನೆಯ ನಡುವೆ ಮಾತಿಲ್ಲ. ಹಬ್ಬಕ್ಕೆ ಹೋಳಿಗೆ ಬರಲಿಲ್ಲ, ಹೋಗಲಿಲ್ಲ. ನೀಲಾ ನಡುವೆ ಸಿಕ್ಕು, ಫೋನಿನಲ್ಲಿ ಅವ್ವನ ಹತ್ತಿರ ಅತ್ತೆಯ ಹೆಸರೆತ್ತದೆ, ಮನೆಯಲ್ಲಿ ಅತ್ತೆಯ ಹತ್ತಿರ ಅವ್ವನ ಹೆಸರೆತ್ತದೆ ದಿನ ಕಳೆದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ನನ್ನ ಹತ್ತಿರವಿತ್ತು. ಪ್ರತಿ ರವಿವಾರ ಹೇಳಬೇಕೆಂದು ಫೋನು ಹಚ್ಚುತ್ತಿದ್ದೆ, ಹವಾಮಾನ ಕೇಳಿ ಇಡುತ್ತಿದ್ದೆ. ಮೂವತ್ತನಾಲ್ಕು ವರ್ಷದ ಗಂಡಸು, ಎರಡಾಳು ಎತ್ತುವ ಕಲ್ಲನ್ನು ಒಬ್ಬನೇ ಎತ್ತುತ್ತೇನೆ, ಇಷ್ಟು ಸಣ್ಣ ಮಾತು ಎತ್ತಲಾಗಲಿಲ್ಲ.

ಈ ಮೇ ತಿಂಗಳಲ್ಲಿ ಗಂಗಾಳ ಕಿವಿ ಚುಚ್ಚಿಸುವುದೆಂದು ಗೊತ್ತಾಯಿತು. ಕಿವಿ ಚುಚ್ಚುವಾಗ ಕೂಸು ಸೋದರಮಾವನ ತೊಡೆಯ ಮೇಲಿರಬೇಕು. ಮಾವನೆಂದರೆ ನಾನೇ. ಮತ್ತೆ ನಸುಕಿನಲ್ಲಿ ಹೊರಟೆ. ಅಂಕೋಲೆಯಲ್ಲಿ ಹನ್ನೆರಡು ಹಣ್ಣು ಕೊಂಡು, ಈ ಸಲ ಗೋಣಿಚೀಲದಲ್ಲಿ ಹಾಕಿಸಿ, ಬಾಯಿ ಹೊಲಿಸಿಕೊಂಡೆ.

"ಅಷ್ಟು ಗಟ್ಟಿ ಯಾಕೋ ತಮ್ಮಾ, ಕಳ್ರ ಕಾಟ ಅದ್ಯಾ ದಾರೀಲಿ?" ಎಂದಳು ಮಾರುವಾಕೆ.

"ಒಬ್ಬನ ಅದಾನ್ರಿ" ಎಂದೆ.

ದಾರಿಯಲ್ಲಿ ಎಂಟು ಕಡೆಯೂ ನಿಂತೆ, ತಿಂದೆ. ಅದನ್ನು ಬಿಡುವಷ್ಟು ಪಶ್ಚಾತ್ತಾಪ ನನ್ನಲ್ಲಿ ಇರಲಿಲ್ಲ. ಆದರೆ ಚೀಲದ ಹೊಲಿಗೆಯನ್ನು ಮುಟ್ಟಲಿಲ್ಲ. ಅಂದರೆ ಮುಟ್ಟಿದೆ, ಬಿಚ್ಚಲಿಲ್ಲ.

ಸಂಜೆ ಇಳಕಲ್ಲು ಮುಟ್ಟಿದೆ. ನೀಲಾ ಹೊಲಿಗೆ ಕತ್ತರಿಸಿ ಒಂದು ಹಣ್ಣು ಮೂಗಿಗೆ ಹಿಡಿದು ಹಾಗೇ ನಿಂತಳು. ಕೊಯ್ದು ಒಂದು ಚೂರು ತಿಂದಳು. ನನ್ನ ಮುಖ ನೋಡಿದಳು.

"ಹೋದ ವರ್ಸದ ಹಣ್ಣು ಇದಲ್ಲ."

"ಅಲ್ಲ."

"ಅದು ಎಲ್ಲೀದು?"

"ಹುನಗುಂದದ ತಳ್ಳುಗಾಡೀದು" ಎಂದು, ಅರಬೈಲಿನಿಂದ ಅಮೀನಗಡದವರೆಗೆ ಒಂದೊಂದೇ ಹೇಳಿದೆ. ಮೂರು ಅಪಶಕುನವೆಂಬಲ್ಲಿ ಅವಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಆಗ ತಿಳಕೊಂಡಿದ್ದೆ, ನಮ್ಮಣ್ಣ ಸಮುದ್ರದ ದಂಡ್ಯಾಗ ಇದ್ದು ರುಚಿ ಮರತಾನ, ಪಾಪ, ಅಂತ. ಚೊಲೋ ಐತಿ ಅಂದೆ."

"ನಂಗ ಬೈ, ನೀಲಾ."

"ನಂಗ ಗೊರಟಿ ರೂಢಿ ಐತಿ ತಗೋ. ನಾ ಯಾಕ ಬೈಯ್ಲಿ? ನೀ ನನ್ನ ಮುಂದ ಹೇಳಿದ್ರ ಏನೂ ಆಗಂಗಿಲ್ಲ." ಅವಳು ಒಳಗಿನ ಮಗ್ಗದ ಕಡೆ ಗದ್ದ ತಿರುವಿದಳು. "ನನ್ನ ಸಲುವಾಗಿ ಗ್ವಾಡಿ ತೋಯಿಸಿದಾಕಿ ಅಲ್ಲಿ ಅದಾಳ. ನಾಳೆ ಅವ್ವನೂ ಬರತಾಳ. ಇಬ್ಬರ ಮುಂದೂ ಹೇಳು. ಹೇಳಲಿಲ್ಲಂದ್ರ ಕೂಸಿನ್ನ ನಿನ್ನ ತೊಡಿ ಮ್ಯಾಲ ಕೊಡಂಗಿಲ್ಲ."

ಅವಳು ನನಗೆ ಗಟ್ಟಿಯಾಗಿ ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು.

ಮರುದಿನ ಮುಂಜಾನೆ ಕಿವಿ ಚುಚ್ಚಲು ಪತ್ತಾರ ಬಂದು ಅಂಗಳದಲ್ಲಿ ತನ್ನ ಡಬ್ಬಿ ತೆರೆದು ಕೂತ. ಅವ್ವ ಬಂದಳು. ಒಳಗೆ ಬರದೆ ಕಟ್ಟೆಯ ಮೇಲೆ, ಬೀದಿಗೆ ಮುಖ ಮಾಡಿ ಕೂತಳು. ಶಾಂತವ್ವ ಆಕೆಯ ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟು ಮಾತಿಲ್ಲದೆ ಒಳಗೆ ಬಂದಳು. ನೀಲಾ ಕೂಸನ್ನು ಎತ್ತಿಕೊಂಡು ನನ್ನ ಮುಂದೆ ನಿಂತಳು, ಕೊಡಲಿಲ್ಲ.

"ಕೊಡು ಮೊದಲ, ಹೇಳ್ತೇನಿ" ಎಂದೆ ಮೆಲ್ಲಗೆ. ತೊಡೆಯ ಮೇಲೆ ಕೂಸಿರುವವನನ್ನು ಯಾರೂ ಹೊಡೆಯುವುದಿಲ್ಲ ಎಂಬ ಲೆಕ್ಕ ನನ್ನದು. ನೀಲಾಳಿಗೂ ಅದು ತಿಳಿಯಿತು. ಆದರೂ ಕೊಟ್ಟಳು.

ಪತ್ತಾರ ಎಳೆಯ ಕಿವಿಗೆ ಎಣ್ಣೆ ಸವರಿ, ಸೂಜಿ ಎತ್ತಿ, "ಗಟ್ಟ್ಯಾಗಿ ಹಿಡೀರಿ ಮಾವಾರ" ಎಂದ.

"ಒಂದು ನಿಮಿಷ ತಡೀರಿ" ಎಂದೆ. ದನಿ ನನ್ನದಲ್ಲ ಎನ್ನುವಷ್ಟು ಸಣ್ಣಗಿತ್ತು. "ಅತ್ತಿ, ಅವ್ವಾ, ಇಬ್ಬರೂ ಕೇಳ್ರಿ. ನೀಲಾ ಬಸರಿದ್ದಾಗ ಕೇಳಿ ಸಿಗಲಾರದ್ದು ಒಂದ ಒಂದು, ಅಂಕೋಲಿ ಹಣ್ಣು. ಕೇಳಿದ್ದು ನನ್ನ. ಹನ್ನೆರಡು ತಂದಿದ್ದೆ. ದಾರ್‍ಯಾಗ ನಾನ ತಿಂದೆ. ಇಲ್ಲಿ ಕೊಟ್ಟಿದ್ದು ಹುನಗುಂದದ ಹಣ್ಣು. ಅತ್ತೀದು ಏನೂ ತಪ್ಪಿಲ್ಲ. ನಾಲ್ಕು ತಿಂಗಳಾತು, ನಂಗ ಗೊತ್ತಿದ್ದೂ ಸುಮ್ಮನ ಕುಂತೇನಿ."

ಪತ್ತಾರನ ಸೂಜಿ ಗಾಳಿಯಲ್ಲೇ ನಿಂತಿತು.

"ಹನ್ನೆರಡೂ?" ಎಂದ ಮಹಾಂತೇಶ. ಅವನು ಆ ದಿನ ಆಡಿದ ಒಂದೇ ಮಾತು ಅದು.

"ಹನ್ನೊಂದು. ಒಂದು ಪಂಕ್ಚರ್ ತಿದ್ದಾವಗ ಕೊಟ್ಟೆ."

ಶಾಂತವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಆಕೆ ಬೈಯುತ್ತಾಳೆ, ಅಳುತ್ತಾಳೆ, ನಾಲ್ಕು ತಿಂಗಳದ್ದನ್ನೆಲ್ಲ ನನ್ನ ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಆದರೆ ಆಕೆ, "ಹಂಗಾರ ನನ್ನ ನಾಲಗಿ ಸತ್ತಿಲ್ಲ?" ಎಂದಳು.

"ಇಲ್ರಿ ಅತ್ತಿ. ನಿಮ್ಮ ನಾಲಗಿ ಖರೇನ ಹೇಳಿತ್ತು."

"ಒಂದು ವರ್ಸ ಆತಲ್ಲೋ ಮಾರಾಯಾ. ಸಾರಿಗೆ ಉಪ್ಪು ಹಾಕೂಮುಂದ ದಿನಾ ಸೊಸಿನ್ನ ಕರೀತೇನಿ. ನೀನ ನೋಡವ್ವಾ, ನಂಗ ತಿಳಿಯೂದಿಲ್ಲ ಅಂತ."

ಇದು ನನಗೆ ಗೊತ್ತಿರಲಿಲ್ಲ. ನಾನು ತಿಂದದ್ದು ಹನ್ನೊಂದು ಹಣ್ಣು ಮಾತ್ರ ಎಂದುಕೊಂಡಿದ್ದೆ. ಆಕೆಯದು ಏನನ್ನು ತಿಂದೆನೋ, ಅದಕ್ಕೆ ನನ್ನ ಹತ್ತಿರ ಒಂದು ನೆಪವೂ ಇರಲಿಲ್ಲ. ತಲೆ ತಗ್ಗಿಸಿ ಕೂಸಿನ ನೆತ್ತಿ ನೋಡುತ್ತ ಕೂತೆ.

"ಯವ್ವಾ, ಮಾವಂದೂ ಒಂದು ಕಿವಿ ಚುಚ್ಚಿಬಿಡ್ಲೇನ್ರಿ?" ಎಂದ ಪತ್ತಾರ. "ಬ್ಯಾರೆ ಸೂಜಿ ಐತಿ. ದಪ್ಪಂದು."

ಯಾರೋ ನಕ್ಕರು. ಆ ಸಂದಿಯಲ್ಲಿ ಅವನು ಚಕ್ಕನೆ ಕೂಸಿನ ಕಿವಿ ಚುಚ್ಚಿದ. ಗಂಗಾ ಓಣಿಯೆಲ್ಲ ಕೇಳುವಂತೆ ಅತ್ತಳು. ಅಳುತ್ತ ಅಳುತ್ತ ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿದಳು. ಎರಡೇ ಹಲ್ಲು, ಆದರೆ ನೋವು ಪೂರ್ತಿ ಇತ್ತು. ಬಿಡಿಸಿಕೊಳ್ಳಲಿಲ್ಲ.

ಅವ್ವ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಬೀದಿ ನೋಡುತ್ತಲೇ ಇದ್ದಳು. ಸೆರಗು ಮುಖದ ಮೇಲೆ ಎಳೆದುಕೊಂಡಿದ್ದಳು. ಪತ್ತಾರ ಹೋದ ಮೇಲೆ ಶಾಂತವ್ವ ಹೊರಗೆ ಹೋಗಿ, "ಉಣ್ಣಾಕ ಏಳ್ರಿ ಬೀಗತಿ" ಎಂದಳು. ಅವ್ವ ಎದ್ದು ಒಳಗೆ ಬಂದಳು, ತುಟಿ ಬಿಚ್ಚಲಿಲ್ಲ. ತಪ್ಪಾಯಿತು ಎನ್ನುವ ಮಾತು ಅವ್ವನಿಗೂ ಬರುವುದಿಲ್ಲ. ನನಗೆ ಅದು ಎಲ್ಲಿಂದ ಬಂದೀತು ಹೇಳಿ?

ಹೋಳಿಗೆ ಮಾಡಿದ್ದರು. ಉಳಿದ ಹನ್ನೊಂದು ಹಣ್ಣನ್ನು ಹಿಂಡಿ ಸೀಕರಣಿ ಮಾಡಿದ್ದರು. ಸಾಲಾಗಿ ಕೂತೆವು. ಅವ್ವ ನನ್ನ ಪಕ್ಕದಲ್ಲಿ, ನೀಲಾ ನನ್ನ ಆಚೆಗೆ. ಶಾಂತವ್ವ ಬೋಗುಣಿ ಹಿಡಿದು ಬಡಿಸುತ್ತ ಬಂದಳು. ಅವ್ವನ ತಾಟಿಗೆ ತುಂಬ ಹಾಕಿದಳು. ಆಮೇಲೆ ನನ್ನ ತಾಟಿನ ಮುಂದೆ ಬಂದು ಸೌಟು ಎತ್ತಿ ಹಿಡಿದು ನಿಂತಳು. ಹಾಕಲು ಮನಸ್ಸಿಲ್ಲ, ಮನೆಗೆ ಬಂದವನಿಗೆ ಇಲ್ಲವೆನ್ನಲು ಬಾಯಿಲ್ಲ. ನಾನೂ ಬೇಡ ಎನ್ನಲಿಲ್ಲ. ಆಸೆ ಇತ್ತು ನೋಡಿ.

ಆಗ ಅವ್ವ ತನ್ನ ತಾಟಿನಿಂದ ತಲೆ ಎತ್ತಿದಳು. ನಾಲ್ಕು ತಿಂಗಳ ಮೇಲೆ ಮೊದಲ ಸಲ ಶಾಂತವ್ವನ ಮುಖ ನೋಡಿದಳು.

"ಮುಂದ ನಡೀರಿ ಬೀಗತಿ" ಎಂದಳು. "ಅವನ ಪಾಲು ಹೋದ ವರ್ಸನ ಮುಗದೈತಿ."

"ಹೌದಲ್ರಿ ಬೀಗತಿ" ಎಂದಳು ಶಾಂತವ್ವ, ಇಷ್ಟು ದಿನ ಈ ಮಾತಿಗೇ ಕಾಯುತ್ತಿದ್ದವಳ ಹಾಗೆ. ನನ್ನ ತಾಟು ದಾಟಿಹೋಗಿ, ನೀಲಾಳ ತಾಟಿನಲ್ಲಿ ನನ್ನ ಪಾಲನ್ನೂ ಸೇರಿಸಿ ಎರಡು ಸೌಟು ಸುರಿದಳು. ಇಬ್ಬರು ಮುದುಕಿಯರೂ ನನ್ನ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿ, ಉಪ್ಪು ಸರಿಯಾಗಿದೆಯೇ, ಹೂರಣಕ್ಕೆ ಯಾವ ಬೆಲ್ಲ ಎಂದು ಶುರು ಮಾಡಿದರು.

ಸೀಕರಣಿ ಇಲ್ಲದ ಒಣ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಾರೆ. ನಾನು ಐದು ತಿಂದೆ.